ಹೊಟ್ಟೆ ತೊಳೆದ ಇಲಿ

"ಗುರುಗಳೇ, ರಕ್ತಭೇದಿಯನ್ನು ಇಲಿಗಳಿಗೆ ಉಣಿಸಿ ನೋಡಿದೆ. ಒಂದಕ್ಕೂ ಹತ್ತುತ್ತಿಲ್ಲ. ಇಂಥ ಇಲಿಗಳಿಂದ ನಾನು ಏನು ಕಲಿಯಲಿ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಗುರುಗಳು ಮೀಸೆ ನೀವಿಕೊಂಡರು. "ನಾನು ಕೆಮ್ಮಿದರೆ ಪಕ್ಕದೂರಿನವರ ನೆಗಡಿ ವಾಸಿಯಾಗುತ್ತಿದ್ದ ಕಾಲ ಅದು ಕಣಯ್ಯಾ. ಆಗ ಒಬ್ಬ ವೈದ್ಯನಿದ್ದ. ಜಾಣ. ನನ್ನಷ್ಟಲ್ಲ ಬಿಡು," ಎಂದು ಕತೆ ತೆಗೆದರು.

ಆ ವೈದ್ಯನ ಊರಿಗೆ ರಕ್ತಭೇದಿ ಬಂತು. ಅವನಿಗೆ ಇದ್ದವಳು ಒಬ್ಬಳೇ ಮಗಳು. ರೋಗ ತನ್ನ ಹೊಸ್ತಿಲು ದಾಟುವ ಮೊದಲೇ ಮದ್ದು ಕಂಡುಹಿಡಿಯಬೇಕೆಂದು ಅವನು ಬೋನಿನಲ್ಲಿ ಇಲಿಗಳನ್ನು ಸಾಕಿದ. ರೋಗಿಯ ಮಲವನ್ನು ಹಿಟ್ಟಿಗೆ ಕಲಸಿ ಹಾಕಿದ. ಇಲಿಗಳು ತಿಂದವು. ಮೂತಿ ಒರೆಸಿಕೊಂಡವು. ಅವನನ್ನೇ ನೋಡುತ್ತ ಕೂತವು. ತಾವಾಗಿದ್ದರೆ ಒಂದು ಇಲಿಗೆ ಎಲೆಯಡಿಕೆ ಕೊಟ್ಟು ಸಮಾಚಾರ ಕೇಳಿಬಿಡುತ್ತಿದ್ದೆವೆಂದು ಗುರುಗಳು ನಡುವೆ ಒಂದು ಮಾತು ತೂರಿಸಿದರು.

ಇಲಿಗೆ ರೋಗವೇ ಬಾರದಿದ್ದರೆ ಮದ್ದನ್ನು ಯಾವುದರ ಮೇಲೆ ಪರೀಕ್ಷಿಸುವುದು? ವೈದ್ಯನ ಬಳಿ ಹೊಟ್ಟೆ ತೊಳೆಯುವ ಒಂದು ಉಗ್ರವಾದ ಪುಡಿಯಿತ್ತು. ಕರುಳಿನಲ್ಲಿ ಮೊದಲಿನಿಂದ ಮನೆ ಮಾಡಿಕೊಂಡಿರುವ, ಕಣ್ಣಿಗೆ ಕಾಣದ ಜೀವಿಗಳನ್ನೂ ಅದು ಗುಡಿಸಿ ಹಾಕುತ್ತಿತ್ತು. ಮೊದಲು ಪುಡಿ ಕೊಟ್ಟ. ಮರುದಿನ ರೋಗ ಕೊಟ್ಟ. ಇಲಿಗಳು ಬೆನ್ನು ಗೂನು ಮಾಡಿ, ರೋಮ ನಿಮಿರಿಸಿ, ಅರೆಗಣ್ಣು ಮುಚ್ಚಿ ಮೂಲೆ ಸೇರಿದವು. ವೈದ್ಯ ಹಿಗ್ಗಿದ. ಮಗಳು ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಆ ಊರಿನಲ್ಲಿ ಒಂದು ರೂಢಿಯಿತ್ತು. ಬೇನೆ ಸುತ್ತಮುತ್ತ ಬಂದರೆ ಮನೆಮಂದಿಯ ಹೊಟ್ಟೆ ತೊಳೆಸುವುದು. ತೊಳೆದ ಪಾತ್ರೆಗೆ ನೊಣ ಕೂರದು ಎನ್ನುತ್ತಿದ್ದರು. ವೈದ್ಯನೂ ಅದೇ ಊರಿನವನು. ಇಲಿಗೆ ಹಾಕಿದ ಪುಡಿಯನ್ನೇ ಮನೆಮನೆಗೆ ಹಂಚಿದ್ದ. ನುಂಗಿದವರು ಒಬ್ಬೊಬ್ಬರೇ ಮಲಗಿದರು. ಕಹಿಯೆಂದು ಉಗುಳಿದ ಮುದುಕಿಯರು ಮಾತ್ರ ಗಟ್ಟಿಯಾಗಿದ್ದರು. ಜಗಲಿಯ ಮೇಲೆ ಕೂತು, ಅವನು ಹಾದುಹೋಗುವುದನ್ನು ಸದ್ದಿಲ್ಲದೆ ನೋಡುತ್ತಿದ್ದರು. ಅವರು ತನ್ನನ್ನೇಕೆ ಹಾಗೆ ನೋಡುತ್ತಾರೆಂದು ಅವನಿಗೆ ಹೊಳೆಯಲಿಲ್ಲ.

ರೋಗ ಪಕ್ಕದ ಮನೆಗೆ ಬಂತು. ವೈದ್ಯ ಮಗಳಿಗೂ ಪುಡಿ ಕಲಸಿ ಕೊಟ್ಟ. ಅವಳು ಮುಖ ಕಿವುಚದೆ ಕುಡಿದಳು. ಬಟ್ಟಲು ಕೈಗಿತ್ತು ಕೇಳಿದಳು:

"ಅಪ್ಪಾ, ಪುಡಿ ಆಯ್ತಲ್ಲ. ನನಗೆ ರೋಗ ಕೊಡೋದು ನಾಳೇನಾ?"

ವೈದ್ಯ ಬರಿದಾದ ಬಟ್ಟಲಿನ ತಳ ನೋಡಿದ. ಆಗ ಅವನಿಗೆ ಪುಡಿ ನುಂಗಿ ಮಲಗಿದ ಊರೆಲ್ಲ ಕಂಡಿತು, ಮುದುಕಿಯರ ಕಣ್ಣುಗಳೂ ಕಂಡವು. ಆದರೆ ಪುಡಿ ಒಳಗಿಳಿದಿತ್ತು. ಮಾರನೆಯ ದಿನ ಮಗಳು ಮೊಣಕಾಲು ತಬ್ಬಿ, ಬೆನ್ನು ಗೂನು ಮಾಡಿ, ಅರೆಗಣ್ಣು ಮುಚ್ಚಿ ಮೂಲೆಯಲ್ಲಿ ಕೂತಿದ್ದಳು.

ಮಗು ಉಳಿಯಿತೇ ಎಂದು ಅಡಿವೆಪ್ಪ ಕೇಳಿದ. ಇಲ್ಲ ಎಂದು ಗುರುಗಳು ತಲೆಯಾಡಿಸಿದರು. ಹಾಗಾದರೆ ಅಷ್ಟು ಹುಡುಕಿಯೂ ಆ ವೈದ್ಯನಿಗೆ ಮದ್ದು ಸಿಗಲೇ ಇಲ್ಲವೇ ಎಂದು ಅವನು ಮತ್ತೆ ಕೇಳಿದ.

"ಮೊದಲ ದಿನ ಕಾಯಿಲೆ ಬೀಳದೆ ಕೂತ ಇಲಿಗಳ ಹೊಟ್ಟೆಯಲ್ಲೇ ಇತ್ತು ಕಣಯ್ಯಾ, ಅವನೇ ತೊಳೆದು ಚೆಲ್ಲಿದ."