ಅಧ್ಯಕ್ಷರ ಹಾಸಿಗೆಯ ನಾಯಿ

ಪಶು ಆಸ್ಪತ್ರೆಯಲ್ಲಿ ಹುಳುಕಡ್ಡಿಯ ಮುಲಾಮು ಉಳಿದಿದ್ದದ್ದು ಒಂದೇ ಟ್ಯೂಬು. ಬೆಳಗಿನಿಂದ ಸಾಲಲ್ಲಿ ನಿಂತಿದ್ದ ಕೆಂಪಾಜಮ್ಮನ ಸರದಿ ಬಂದಿತ್ತು. ಅವಳ ಕರುವಿಗೆ ಕಣ್ಣಿನ ಸುತ್ತಲೂ ಹುಳುಕಡ್ಡಿ ಹಬ್ಬಿ, ರೆಪ್ಪೆ ತೆರೆಯಲೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷ ತನ್ನ ನಾಯಿ ಎಳೆದುಕೊಂಡು ನುಗ್ಗಿದ. ನಾಯಿಗೂ ಅದೇ ರೋಗ.

"ಆ ಮುಲಾಮು ಇತ್ಲಾಗೆ ಕೊಡ್ರಿ ಡಾಕ್ಟ್ರೇ. ನಮ್ಮ ಸುಲ್ತಾನ ಇವರ ಕರು ಥರ ಕೊಟ್ಟಿಗೆ ಪ್ರಾಣಿ ಅಲ್ಲ. ಮನೆಮಗ! ನನ್ನ ಹಾಸಿಗೆಯಲ್ಲೇ ಮಲಗ್ತಾನೆ!"

ಎಂಥ ಸೊಕ್ಕು! ಹಿಂದೆ ಮೇಕೆ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಡಾಕ್ಟರಿಗೋ ವರ್ಗಾವಣೆಯ ಭಯ. ಟ್ಯೂಬು ಹಿಡಿದ ಅವರ ಕೈ ಆಗಲೇ ಅಧ್ಯಕ್ಷನತ್ತ ಚಾಚಿತ್ತು.

ಕೆಂಪಾಜಮ್ಮ ಕಿರುಚಿದಳು.

"ಅಯ್ಯೋ, ಎಲ್ಲ ದೂರ ಸರೀರಪ್ಪೋ! ಇದು ಮುಟ್ಟಿದವರಿಗೂ ಅಂಟೋ ರೋಗ. ಅಧ್ಯಕ್ಷರು ಅದರ ಜೊತೇಲೇ ಮಲಗ್ತಾರಂತೆ! ಡಾಕ್ಟ್ರೇ, ಮೊದಲು ಅವರ ಅಂಗಿ ಬಿಚ್ಚಿಸಿ ನೋಡಿ!"

ಸಾಲು ಸರಕ್ಕನೆ ಹಿಂದೆ ಸರಿಯಿತು. ಅಧ್ಯಕ್ಷನ ಜೊತೆಗೆ ಬಂದಿದ್ದ ಹಿಂಬಾಲಕರೂ ಗೋಡೆಗೆ ಅಂಟಿಕೊಂಡರು.

"ಸುಳ್ಳು, ಸುಳ್ಳು!" ಅಧ್ಯಕ್ಷ ಅಂಗಿಯ ಗುಂಡಿ ಭದ್ರವಾಗಿ ಹಿಡಿದುಕೊಂಡ. "ನಾನು ಅದನ್ನ ಮುಟ್ಟೋದೇ ಇಲ್ಲ. ಕೊಟ್ಟಿಗೇಲಿ ಕಟ್ಟಿಹಾಕ್ತೀವಿ!"

ಕೆಂಪಾಜಮ್ಮ ಡಾಕ್ಟರ ಕೈಯಿಂದ ಟ್ಯೂಬು ತೆಗೆದುಕೊಂಡಳು.

"ಕೊಟ್ಟಿಗೆ ಪ್ರಾಣಿಗಳ ಸಾಲು ಇದೇ ಸ್ವಾಮಿ. ಹಿಂದೆ ಹೋಗಿ ನಿಂತ್ಕೊಳ್ಳಿ."