ಕಾರೆಪೊದೆಯೂ ಬಂಗಾರದ ತಟ್ಟೆಯೂ

ಕಾರೆಮುಳ್ಳಿನ ಪೊದೆಗೆ ಕೊಡಲಿ ಬಿತ್ತು. ಸದ್ದು ಕೇಳಿ ಕಾಳವ್ವ ಗುಡಿಸಲಿನಿಂದ ಓಡಿಬಂದಳು. ಬಂದವಳು ಬಾಯಿಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

ಅದು ಅರಸನ ಅರಮನೆಯ ಹಿತ್ತಲು. ನೋಡಿಕೊಳ್ಳುವವಳು ಕಾಳವ್ವ. ಪೊದೆಯ ಮಗ್ಗುಲಿಗೆ ಮಣ್ಣಿನ ತಟ್ಟೆ ತೂಗುಹಾಕಿ, ದಿನಾ ಒಂದು ಹಿಡಿ ನವಣೆ ಹಾಕುವಳು. ಗುಬ್ಬಿ ಬರುವವು, ಗೊರವಂಕ ಬರುವವು, ಪಿಕಳಾರ ಬರುವವು. ಅವುಗಳ ದನಿ ಕೇಳದೆ ಅರಸ ಬೆಳಗಿನ ಹಾಲು ಮುಟ್ಟುತ್ತಿರಲಿಲ್ಲ.

"ಯಾಕೆ ಕಡಿಸಿದಿರಿ ಸ್ವಾಮಿ?"

ಪಾರುಪತ್ಯಗಾರ ನಾಗರಸ ಮೀಸೆ ತಿರುವಿದ. "ಅರಮನೆ ಹಿತ್ತಲಲ್ಲಿ ಮುಳ್ಳೇ? ಮಣ್ಣಿನ ತಟ್ಟೆಯೇ? ಬಂಗಾರದ್ದು ಮಾಡಿಸಿದ್ದೇನೆ. ದೂರಕ್ಕೆ ಕಾಣಬೇಕು."

"ದೂರಕ್ಕೆ ಕಂಡರೆ ಗಿಡುಗನಿಗೂ ಕಾಣುತ್ತದೆ. ಗಿಡುಗ ಬಂದಾಗ ಹಕ್ಕಿ ನುಗ್ಗೋದು ಮುಳ್ಳಿನೊಳಕ್ಕೆ."

"ನಿನಗೂ ಹಕ್ಕಿಯಷ್ಟೇ ಬುದ್ಧಿ, ಹೋಗು."

ಮೊದಲ ದಿನ ಬಂಗಾರದ ತಟ್ಟೆಗೆ ನವಣೆ ಹಾಕಿಸಿದ. ಒಂದು ಹಕ್ಕಿಯೂ ಬರಲಿಲ್ಲ. ಎರಡನೆಯ ದಿನ ದ್ರಾಕ್ಷಿ, ಗೋಡಂಬಿ. ಬರಲಿಲ್ಲ. ಮೂರನೆಯ ದಿನ ಕೇಸರಿ ಹಾಕಿದ ಪಾಯಸ. ಇರುವೆ ಬಂದವು.

ಮೂರು ದಿನವೂ ಅರಸನ ಹಾಲು ಆರಿಹೋಯಿತು. ಇಬ್ಬರನ್ನೂ ಕರೆಸಿದ. "ಹಕ್ಕಿ ಎಲ್ಲಿ?"

"ಈ ಮುದುಕಿ ಮಾಟ ಮಾಡಿ ಓಡಿಸಿದ್ದಾಳೆ ಒಡೆಯಾ," ಅಂದ ನಾಗರಸ. "ನಾಳೆ ಬೆಳಗ್ಗೆ ತಟ್ಟೆ ತುಂಬ ಹಕ್ಕಿ ತೋರಿಸುತ್ತೇನೆ. ತೋರಿಸಿದರೆ ಇವಳು ಸೀಮೆ ಬಿಡಬೇಕು."

"ಆಗಲಿ," ಅಂದ ಅರಸ.

ಆ ಗುಡಿಸಲು ಬಿಟ್ಟರೆ ಕಾಳವ್ವನಿಗೆ ಬೇರೆ ನೆಲೆಯಿಲ್ಲ.

ಬೆಳಗಾಯಿತು. ತಟ್ಟೆಯ ಅಂಚಿನ ತುಂಬ ಹಕ್ಕಿ. ಕಾಳವ್ವನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಗಂಟು ಕಟ್ಟು ಕಾಳವ್ವ," ಅಂದ ಅರಸ.

ಅವಳು ಕದಲಲಿಲ್ಲ. ನೋಡಿದಳು. ಗುಬ್ಬಿಯ ಪಕ್ಕ ಗೊರವಂಕ ಕೂತಿದೆ, ಜಗಳವಿಲ್ಲ. ಕೊಕ್ಕಿನ ಮುಂದೆ ಕಾಳಿದೆ, ಹೆಕ್ಕುವುದಿಲ್ಲ. ಗಿಡುಗನ ನೆರಳು ಮೇಲೆ ಹಾದುಹೋಯಿತು, ಒಂದೂ ಹಾರಲಿಲ್ಲ.

"ಹೋಗುತ್ತೇನೆ ಬುದ್ಧೀ. ಅದಕ್ಕೆ ಮುಂಚೆ ನೀವು ಚಪ್ಪಾಳೆ ತಟ್ಟಿ. ಹಾರಿಹೋಗಿ ಮತ್ತೆ ಬಂದರೆ ಅವು ಇವರ ನೆಂಟರು. ನಾನೇ ಇವರ ಕಾಲಿಗೆ ಬೀಳುತ್ತೇನೆ."

"ಬೇಡ ಒಡೆಯಾ, ಬೆದರುತ್ತವೆ," ಅಂದ ನಾಗರಸ.

"ನಿನ್ನೆ ಮಾಟಕ್ಕೆ ಬೆದರಿದವು. ಇವತ್ತು ಚಪ್ಪಾಳೆಗೋ?" ಅಂದಳು ಕಾಳವ್ವ.

ಅರಸ ತಟ್ಟಿದ. ಹಕ್ಕಿಗಳು ನಡುಗಿದವು. ಮತ್ತೆ ತಟ್ಟಿದ. ರೆಕ್ಕೆ ಬಿಚ್ಚಿದವು. ಮೂರನೆಯ ಸಲ ತಟ್ಟಿದ. ಎಲ್ಲವೂ ಒಟ್ಟಿಗೆ ಹಾರಿದವು, ಒಟ್ಟಿಗೆ ತಲೆಕೆಳಗಾಗಿ ತಟ್ಟೆಯಿಂದ ಜೋತುಬಿದ್ದವು.

ಒಂದೊಂದರ ಕಾಲಿಗೂ ರೇಷ್ಮೆ ದಾರ ಬಿಗಿದಿತ್ತು.

ಅರಸನ ಕೈ ತಟ್ಟಿದ ಹಾಗೆಯೇ ನಿಂತಿತು. ಕಾಳವ್ವ ಕುಡುಗೋಲು ತಂದು ದಾರ ಕುಯ್ಯತೊಡಗಿದಳು. ಕುಯ್ದಂತೆಲ್ಲ ಹಾರಿದವು. ಕೊನೆಯ ಗುಬ್ಬಿ ಹಾರಲಿಲ್ಲ. ಅದನ್ನು ತಂದು ಅರಸನ ಅಂಗೈಯಲ್ಲಿಟ್ಟಳು. ಮೈ ಇನ್ನೂ ಬೆಚ್ಚಗಿತ್ತು.

"ಕರೆದರೆ ಬರೋದು ನೆಂಟ ಬುದ್ಧೀ, ಕಟ್ಟಿದರೆ ಇರೋದು ಕೈದಿ. ಹೋಗೋಕೆ ದಾರಿ ಇರೋ ಕಡೆಗೇ ಹಕ್ಕಿ ಬರೋದು."

ಅರಸ ಕಡಿದ ಪೊದೆಯ ಕಡೆ ತಿರುಗಿದ. "ಪೊದೆ ಮತ್ತೆ ಬೆಳೆಯುತ್ತದಾ?"

"ಬೇರಿದೆ. ನೀರು ಹೊರೋರು ಬೇಕು."

ಗುಬ್ಬಿಯ ಕಾಲಿನ ದಾರವನ್ನು ಅರಸ ತಾನೇ ಬಿಚ್ಚಿದ. ಅದನ್ನೇ ನಾಗರಸನ ಕಾಲಿಗೆ ಕಟ್ಟಿಸಿ, ಕೈಗೆ ಕೊಡ ಕೊಡಿಸಿದ. "ಒಂದು ಗುಬ್ಬಿ ತಾನಾಗಿ ಬಂದು ಕೂರುವ ತನಕ ದಾರ ಬಿಚ್ಚಬೇಡ, ಹಿತ್ತಲು ದಾಟಬೇಡ."

ಪೊದೆ ಆಳೆತ್ತರ ಬೆಳೆಯಲು ಮೂರು ಮಳೆಗಾಲ ಹಿಡಿಯಿತು. ಆಮೇಲೆ ಒಂದು ಬೆಳಗ್ಗೆ, ಮತ್ತೆ ತೂಗುಹಾಕಿದ್ದ ಮಣ್ಣಿನ ತಟ್ಟೆಗೆ ಗುಬ್ಬಿ ಬಂತು. ಕಾಳವ್ವ ಕುಡುಗೋಲು ತಂದು ನಾಗರಸನ ದಾರ ಕುಯ್ದಳು.