ಹಿತ್ತಾಳೆಯ ಬಿಲ್ಲೆ

“ಗುರುಗಳೇ, ನಿನ್ನೆ ಮೆಟ್ಟಿಲ ಬಳಿ ಒಬ್ಬ ಮುದುಕಿ ಆಸರೆಗೆಂದು ಕೈ ಚಾಚಿದಳು. ನಾನು ಕಂಡೆ, ಆದರೆ ಮನಸ್ಸು ಆಗಷ್ಟೇ ಮುಗಿದ ಪಾಠದಲ್ಲೇ ಇತ್ತು. ಕೈ ಕೊಡುವಷ್ಟರಲ್ಲಿ ಬೇರೊಬ್ಬರು ಹಿಡಿದಿದ್ದರು. ನನ್ನ ಮನಸ್ಸಿಗೆ ಬಲ ಸಾಲದೇ?” ಎಂದು ಶಿಷ್ಯ ಬಸವಂತ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಸ್ಟೀಲ್ ತಟ್ಟೆ ಮಾಡುವ ಕಾರ್ಖಾನೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅಲ್ಲಿನ ಪ್ರೆಸ್ಸು ಗಾಳಿಯ ಒತ್ತಡದಿಂದ ನಡೆಯುತ್ತಿತ್ತು. ಗಾಳಿಯನ್ನು ಬಿಡಲು, ತಡೆಯಲು ಅದಕ್ಕೊಂದು ಸೊಲೆನಾಯ್ಡ್ ವಾಲ್ವ್. ಪೆಡಲ್ ತುಳಿದರೆ ವಾಲ್ವಿನೊಳಗಿನ ತಂತಿಯ ಸುರುಳಿಗೆ ಕರೆಂಟು ಹರಿದು, ಅದು ಅಯಸ್ಕಾಂತವಾಗಿ ಕಬ್ಬಿಣದ ಸಣ್ಣ ಕಡ್ಡಿಯೊಂದನ್ನು ಮೇಲಕ್ಕೆ ಸೆಳೆಯುತ್ತಿತ್ತು; ಗಾಳಿ ನುಗ್ಗಿ, ತಗಡನ್ನು ತಟ್ಟೆಯಾಗಿ ಒತ್ತುವ ಅಚ್ಚು ಇಳಿಯುತ್ತಿತ್ತು. ಕಾಲು ತೆಗೆದರೆ ಸ್ಪ್ರಿಂಗು ಕಡ್ಡಿಯನ್ನು ಕೆಳಗೆ ತಳ್ಳಬೇಕು, ಅಚ್ಚು ಮೇಲೇರಬೇಕು.

ಆ ಪ್ರೆಸ್ಸಿನ ಮುಂದೆ ಕೂರುತ್ತಿದ್ದ ಹೆಂಗಸು, “ಅಣ್ಣಾ, ಕಾಲು ತೆಗೆದ ಮೇಲೂ ಅಚ್ಚು ತುಸು ಇಳಿಯುತ್ತದೆ. ನನಗೆ ಭಯವಾಗುತ್ತದೆ,” ಎಂದಳು. ರೆಪ್ಪೆ ಬಡಿಯುವಷ್ಟು ಹೊತ್ತಿಗೆ ಎಂಥ ಭಯ ಎಂದು ಉಳಿದವರು ನಕ್ಕರು. ಮೆಕ್ಯಾನಿಕ್ ನಗಲಿಲ್ಲ.

ಅವನು ಕರೆಂಟಿನ ಬಲ ಹೆಚ್ಚಿಸಿದ. ಅಚ್ಚು ಇಳಿಯುವುದು ಚುರುಕಾಯಿತು, ನಿಲ್ಲುವುದು ಇನ್ನೂ ತಡವಾಯಿತು. ಬಿಗಿಯಾದ ಸ್ಪ್ರಿಂಗು ಹಾಕಿದ. ಆಗ ಕಡ್ಡಿ ಮೇಲೇಳಲೇ ಒದ್ದಾಡಿತು. ಸೋತು ವಾಲ್ವನ್ನು ಬಿಚ್ಚಿ, ಸ್ಪ್ರಿಂಗು ತೆಗೆದು, ಕರೆಂಟು ಕೊಟ್ಟು ನಿಲ್ಲಿಸಿ ನೋಡಿದ. ಕರೆಂಟು ಹೋಗಿತ್ತು, ಕಡ್ಡಿ ಮಾತ್ರ ಸುರುಳಿಯ ಮೇಲ್ತುದಿಯ ಕಬ್ಬಿಣಕ್ಕೆ ಅಂಟಿಕೊಂಡೇ ಇತ್ತು. ಹೋದ ಕರೆಂಟಿನ ಸೆಳೆತ ಅದರಲ್ಲಿ ಇನ್ನೂ ಉಳಿದಿತ್ತು. ಎರಡರ ನಡುವೆ ಅವನು ಹಿತ್ತಾಳೆಯ ತೆಳುವಾದ ಬಿಲ್ಲೆಯೊಂದನ್ನು ಇಟ್ಟ. ಹಿತ್ತಾಳೆಗೆ ಅಯಸ್ಕಾಂತದ ನಂಟಿಲ್ಲ. ಕರೆಂಟು ನಿಂತೊಡನೆ ಕಡ್ಡಿ ಉದುರಿತು. ಹಳೆಯ ಸ್ಪ್ರಿಂಗೇ ಸಾಕಾಯಿತು.

ಕೆಲವು ದಿನಗಳ ಮೇಲೆ ಅಚ್ಚಿನಡಿಯ ತಗಡು ಓರೆಯಾಯಿತು. ಹೆಂಗಸು ಯೋಚಿಸದೆ ಕೈ ಹಾಕಿದಳು. ಅಚ್ಚು ಇಳಿಯುತ್ತಿತ್ತು. ಕಂಡವಳೇ ಪೆಡಲಿನಿಂದ ಕಾಲು ಕಿತ್ತಳು. ಅಚ್ಚು ಅವಳ ಉಗುರಿಗೆ ತಣ್ಣಗೆ ತಾಗಿ, ಮೇಲೇರಿತು.

ಮರುದಿನ ಅವಳು ಹೋಳಿಗೆ ತಂದು ಮೆಕ್ಯಾನಿಕ್‌ನ ಮುಂದಿಟ್ಟಳು. “ಈ ಕೈಯಲ್ಲೇ ತಟ್ಟಿದ್ದು ಅಣ್ಣಾ. ಈ ಕೈ ನೀವು ಉಳಿಸಿಕೊಟ್ಟದ್ದು.”

ಅವನು ಹೋಳಿಗೆ ಮುರಿದ. “ತಾಯೀ, ನೀವು ಬಾಯಿಬಿಟ್ಟು ಹೇಳದಿದ್ದರೆ ನಾನು ಅದನ್ನು ಬಿಚ್ಚುತ್ತಲೇ ಇರಲಿಲ್ಲ. ಋಣ ನನ್ನದು,” ಎಂದ. ಹೋಳಿಗೆಯ ಒಂದು ಚೂರನ್ನೂ ಉಳಿಸದೆ ತಿಂದ.

ಕತೆ ಮುಗಿಯಿತು. ಬಸವಂತ, “ಹಾಗಾದರೆ ನನಗೆ ಇನ್ನೆಷ್ಟು ಬಲ ಬೇಕು, ಗುರುಗಳೇ?” ಎಂದ.

ಗುರುಗಳು ಮೆಲ್ಲಗೆ ಹೇಳಿದರು: “ಇರುವ ಬಲವೇ ಸಾಕು ಮಗು; ಮುಗಿದುಹೋದದ್ದಕ್ಕೆ ನೀನು ಇನ್ನೂ ಅಂಟಿಕೊಂಡಿದ್ದೀಯೆ.”